ಗುಂಡುಕಲ್ಲನ್ನು ಕೂರಿಸಿ ನೋಡಿದ ಗಾಡಿ

ಕ್ಯಾತ್ಸಂದ್ರ, ತುಮಕೂರು
ಭಾನುವಾರ ಬೆಳಗ್ಗೆ

ನನ್ನ ಅನಿ ಕೂಸಿಗೆ,

ಮೊದಲು ನನ್ನ ಅಕ್ಷರವನ್ನು ಮನ್ನಿಸು. ನಾನು ನಿಟ್ಟೂರಿನ ಶಾಲೆಯಲ್ಲಿ ಐದನೇ ತರಗತಿಯವರೆಗೆ ಮಾತ್ರ ಓದಿದವಳು. ನನ್ನ ಸಾಲುಗಳು ನೆಟ್ಟಗೆ ಹೋಗುವುದಿಲ್ಲ, ಮೆಟ್ಟಿಲು ಹತ್ತಿದ ಹಾಗೆ ಮೇಲಕ್ಕೆ ಹೋಗುತ್ತವೆ. ಕಾಗುಣಿತವೂ ತಪ್ಪುತ್ತದೆ. ಅದರಲ್ಲೂ ‘ಹ’ ಎಂಬ ಅಕ್ಷರ ನನಗೆ ಬಾಯಿಗೂ ಬರುವುದಿಲ್ಲ, ಕೈಗೂ ಬರುವುದಿಲ್ಲ. ‘ಹಾಲು’ ಬರೆ ಎಂದರೆ ‘ಆಲು’ ಎಂದು ಬರೆಯುತ್ತಿದ್ದೆ. ನಮ್ಮ ಟೀಚರ್ ಒಂದು ದಿನ ನನ್ನ ಸ್ಲೇಟನ್ನು ಎಲ್ಲರಿಗೂ ತೋರಿಸಿ, “ಆಲದ ಮರಾನ ಲೋಟಕ್ಕೆ ಹಾಕ್ಕೊಂಡು ಕುಡೀತೀಯೇನೇ?” ಎಂದು ಇಡೀ ತರಗತಿಯನ್ನು ನಗಿಸಿದ್ದರು. ಅಂದಿನಿಂದ ನಾಲ್ಕು ಜನರ ಮುಂದೆ ನನ್ನ ನಾಲಿಗೆ ಏಳುವುದಿಲ್ಲ.

ಆಮೇಲೆ ನನಗೆ ಬರೆಯುವುದನ್ನು ಕಲಿಸಿದವರು ನಿನ್ನ ಅಮ್ಮ. ನೀನು ಮಧ್ಯಾಹ್ನ ಮಲಗಿದಾಗ ನಾನು ಕ್ಯಾಲೆಂಡರಿನ ಹಿಂದೆ ಏನೋ ಗೀಚುತ್ತಿದ್ದುದನ್ನು ಅವರು ಒಂದು ರಜೆಯ ದಿನ ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಅವರು ತಾವು ಪಾಠ ಮಾಡುವ ಶಾಲೆಯಿಂದ ಒಂದು ನೋಟ್‌ಬುಕ್ ತಂದುಕೊಟ್ಟರು. ಅದರಲ್ಲಿ ನಾನು ನೀನು ಎದ್ದದ್ದು, ಬಿದ್ದದ್ದು, ಹಲ್ಲು ಬಂದದ್ದು ಎಲ್ಲ ಬರೆಯುತ್ತಿದ್ದೆ. ಅವರು ತಿಂಗಳಿಗೊಮ್ಮೆ ಓದಿ ತಪ್ಪಿದ ಕಡೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆಯುತ್ತಿದ್ದರು. ಈ ಕಾಗದವನ್ನು ಮಾತ್ರ ಅವರಿಗೆ ತೋರಿಸದೆ ಮೂರು ಸಲ ತಿದ್ದಿ ಬರೆದಿದ್ದೇನೆ. ‘ಹ’ ಎಲ್ಲೆಲ್ಲಿ ಬೇಕೋ ಅಲ್ಲೆಲ್ಲ ಹಾಕಿದ್ದೇನೆ ಎಂದು ನಂಬಿದ್ದೇನೆ.

ನಿನಗೆ ಈಗ ಇಪ್ಪತ್ತೊಂದು ತಿಂಗಳು. ನೀನು ಇದನ್ನು ಓದುವಷ್ಟು ದೊಡ್ಡವನಾಗುವ ಹೊತ್ತಿಗೆ ನಾನು ಯಾರು ಎಂದು ನಿನಗೆ ನೆನಪಿರುವುದಿಲ್ಲ. ನನ್ನ ತಮ್ಮ ಅಂಜನಮೂರ್ತಿಯನ್ನೂ ನಾನೇ ಎತ್ತಿ ಬೆಳೆಸಿದ್ದು. ಅವನನ್ನು ಕೇಳಿದೆ, “ನಾನು ನಿನ್ನ ಎತ್ಕೊಂಡು ರೈಲು ತೋರಿಸ್ತಿದ್ದದ್ದು ಗ್ಯಾಪಕ ಐತೇನ್ಲಾ?” ಎಂದು. ಅವನು ತಲೆ ಕೆರೆದುಕೊಂಡು, “ಯಾವ ರೈಲಕ್ಕ?” ಎಂದ. ಎರಡು ವರ್ಷ ದಿನವೂ ತೋರಿಸಿದ ರೈಲು. ಆದ್ದರಿಂದ ನಿನಗೂ ಎಲ್ಲವನ್ನೂ ಮೊದಲಿನಿಂದಲೇ ಹೇಳಬೇಕು.

ನನ್ನ ಹೆಸರು ಹನುಮಮ್ಮ. ವಯಸ್ಸು ಇಪ್ಪತ್ತೆರಡು. ಹೆಸರು ಮಾತ್ರ ಮುದುಕಿಯದು, ನಮ್ಮಪ್ಪ ನರಸಯ್ಯ ತನ್ನ ತಾಯಿಯ ಹೆಸರನ್ನು ನನಗೆ ಇಟ್ಟ. ನಾನು ಐದನೇ ತರಗತಿ ಮುಗಿಸುವಷ್ಟರಲ್ಲಿ ನಮ್ಮವ್ವ ತೀರಿಕೊಂಡಳು. ಅಂಜನಮೂರ್ತಿ ಆಗ ತೆವಳುತ್ತಿದ್ದ. ಪುಸ್ತಕದ ಚೀಲವನ್ನು ಗೂಟಕ್ಕೆ ನೇತುಹಾಕಿ ಅವನನ್ನು ಸೊಂಟಕ್ಕೆ ಹಾಕಿಕೊಂಡೆ. ಅವನ ಹಿಂದೆ ಚಿಕ್ಕಪ್ಪನ ಮಕ್ಕಳು. ಅದಕ್ಕೇ ನನ್ನ ಎಡ ಸೊಂಟ ಒಂದಿಷ್ಟು ಆಚೆಗೆ ಚಾಚಿಕೊಂಡಿದೆ. ನಿನಗೆ ಎರಡು ತಿಂಗಳಾಗಿದ್ದಾಗ ನಾನು ಈ ಮನೆಗೆ ಕೆಲಸ ಕೇಳಿಕೊಂಡು ಬಂದೆ. ನಿನ್ನ ಅಜ್ಜಿ ಅಲಮೇಲಮ್ಮನವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ನಿನ್ನ ಅಮ್ಮನ ಕಡೆ ತಿರುಗಿ, “ಅಪರ್ಣ, ಇವಳನ್ನ ಏನೂ ಕೇಳಬೇಡ. ಇವಳ ಸೊಂಟವೇ ಹೇಳತ್ತೆ, ಮಕ್ಕಳನ್ನ ಎತ್ತಿರೋಳು” ಎಂದರು. ನಾನು ಒಂದು ಮಾತೂ ಆಡಬೇಕಾಗಲಿಲ್ಲ. ಕೆಲಸ ಸಿಕ್ಕಿತು.

ಮುಂದಿನ ತಿಂಗಳು ನಿನ್ನ ನಾಮಕರಣ. ತೊಟ್ಟಿಲಿಗೆ ಮಗುವನ್ನು ಹಾಕುವ ಮೊದಲು ಒರಳಿನ ಗುಂಡುಕಲ್ಲನ್ನು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಹೊಸ ಬಟ್ಟೆ ಸುತ್ತಿ ಮಲಗಿಸಿ ತೂಗುತ್ತಾರಲ್ಲ, ಆ ಕಲ್ಲನ್ನು ತೊಳೆದವಳು ನಾನು. ಇಲ್ಲಿ ಮಿಕ್ಸಿ ಇದೆ, ಒರಳಿಲ್ಲ. ನಿನ್ನ ಅಜ್ಜಿ ಈ ಶಾಸ್ತ್ರಕ್ಕಾಗಿಯೇ ಕುಣಿಗಲ್ಲಿನ ತಮ್ಮ ಮನೆಯ ಒರಳಿನಿಂದ ಗುಂಡನ್ನು ಎತ್ತಿಸಿಕೊಂಡು ಬಂದಿದ್ದರು. “ಖಾಲಿ ತೊಟ್ಟಿಲು ತೂಗಬಾರದು ಕಣೇ. ಮೊದಲು ಕಲ್ಲು, ಆಮೇಲೆ ಕೂಸು. ಕಲ್ಲಿನ ಹಾಗೆ ಗಟ್ಟಿಯಾಗಿರಲಿ ಅಂತ” ಎಂದು ನನಗೆ ಹೇಳಿಕೊಟ್ಟರು. ನಮ್ಮೂರಲ್ಲೂ ಇದು ಉಂಟು. ಆದರೂ ನಾನು ಹೊಸದಾಗಿ ಕೇಳುವವಳ ಹಾಗೆ ತಲೆಯಾಡಿಸಿದೆ. ನಿನಗೆ ಅನಿಕೇತ್ ಎಂದು ಹೆಸರಿಟ್ಟರು. ಶಾಸ್ತ್ರ ಮುಗಿದ ಮೇಲೆ ಕಲ್ಲು ಹಿತ್ತಲ ಬಾಗಿಲ ಹತ್ತಿರ ಉಳಿಯಿತು. ನೀನು ಎದ್ದು ನಿಲ್ಲಲು ಕಲಿತದ್ದು ಅದನ್ನು ಹಿಡಿದುಕೊಂಡೇ.

ಈಗ ಒಂದು ಮಾತು ಹೇಳಬೇಕು. ಅದು ಮಾತಲ್ಲ, ಒಂದು ಪದ. ನೀನು ಮೊದಲು ಆಡಿದ ಪದ ‘ಅಮ್ಮ’. ಆಡಿದ್ದು ನನ್ನನ್ನು ನೋಡಿ.

ಎಲ್ಲರೂ ನಕ್ಕರು. ‘ಹನುಮಮ್ಮ’ ಎಂದು ಮನೆಯವರೆಲ್ಲ ದಿನಕ್ಕೆ ನೂರು ಸಲ ಕರೆಯುತ್ತಿದ್ದರಲ್ಲ, ನಿನ್ನ ಪುಟ್ಟ ಬಾಯಿಗೆ ಅದರ ಬಾಲ ಮಾತ್ರ ಸಿಕ್ಕಿತ್ತು. ನಿನ್ನ ಅಪ್ಪ ಪ್ರದ್ಯುಮ್ನ ಅವರಂತೂ, “ಅರ್ಧ ಹೆಸರು ಕರೆದಿದಾನೆ, ಇನ್ನರ್ಧ ಬಾಕಿ” ಎಂದು ಚಪ್ಪಾಳೆ ತಟ್ಟಿದರು. ನಿನ್ನ ಅಮ್ಮನೂ ನಕ್ಕರು. ಆದರೆ ನಕ್ಕು ಅಡುಗೆಮನೆಗೆ ಹೋಗಿ, ನಾನು ಆಗಲೇ ತೊಳೆದಿಟ್ಟಿದ್ದ ಪಾತ್ರೆಗಳನ್ನು ಮತ್ತೆ ತೊಳೆದರು. ಆಮೇಲೆ ಎಲ್ಲರೂ ನಿನಗೆ ‘ಹನು’ ಎನ್ನು, ‘ಅಕ್ಕ’ ಎನ್ನು ಎಂದು ಹೇಳಿಕೊಟ್ಟರು. ನೀನು ಕೇಳಲಿಲ್ಲ. ಒಮ್ಮೆ ಜಗಲಿಯಿಂದ ಬಿದ್ದು ಹಣೆ ಊದಿಸಿಕೊಂಡೆ. ನಿನ್ನ ಅಮ್ಮ ಎರಡು ಕೈ ಚಾಚಿ ಮುಂದೆ ಕೂತಿದ್ದರು. ನೀನು “ಅಮ್ಮಾ” ಎಂದು ಅಳುತ್ತಾ ಅವರ ಪಕ್ಕದಿಂದ ಹಾದು ನನ್ನ ಹತ್ತಿರ ಓಡಿಬಂದೆ. ಅವರ ಕೈಗಳು ಹಾಗೇ ಚಾಚಿಕೊಂಡಿದ್ದವು. ನಾನು ನಿನ್ನನ್ನು ಎತ್ತಿಕೊಂಡೆ. ನನಗೆ ಬಂದ ಸಂತೋಷಕ್ಕೆ ನನಗೇ ನಾಚಿಕೆಯಾಯಿತು. ಆದರೂ ಅದು ಸಂತೋಷವೇ. ನಿನ್ನ ಹತ್ತಿರ ಸುಳ್ಳು ಹೇಳಲಾರೆ.

ಎರಡು ತಿಂಗಳ ಹಿಂದೆ ನಿನ್ನ ಅಮ್ಮನಿಗೆ ಕುಣಿಗಲ್ಲಿನ ಹೈಸ್ಕೂಲಿಗೆ ವರ್ಗವಾಯಿತು. ಇನ್ನು ಮುಂದೆ ಅಲ್ಲಿ ಅಜ್ಜಿಯ ಮನೆಯಲ್ಲೇ ಇರುವುದು, ಅಪ್ಪ ಅಲ್ಲಿಂದಲೇ ವಸಂತನರಸಾಪುರದ ಫ್ಯಾಕ್ಟರಿಗೆ ಓಡಾಡುವುದು ಎಂದು ತೀರ್ಮಾನವಾಯಿತು. ಹಗಲು ನಿನ್ನನ್ನು ಅಜ್ಜಿ ನೋಡಿಕೊಳ್ಳಬೇಕು. ಅವರಿಗೋ ಮಂಡಿನೋವು. ನಿನ್ನನ್ನು ಎತ್ತಿಕೊಂಡು ಹತ್ತು ಹೆಜ್ಜೆ ಇಡಲಾರರು. ನೀನು ಸಂಜೆ ಬೀದಿ ನೋಡದಿದ್ದರೆ ತುತ್ತು ನುಂಗುವವನಲ್ಲ. ಹಾಗಾಗಿ ಮನೆಯಲ್ಲಿ ಎರಡು ಮಾತು ನಡೆಯುತ್ತಿದ್ದವು. ಹನುಮಮ್ಮನನ್ನೂ ಕರೆದುಕೊಂಡು ಹೋಗುವುದು, ಇಲ್ಲವೇ ಮಗುವನ್ನು ಕೂರಿಸಿ ತಳ್ಳುವ ಒಂದು ಗಾಡಿ ತರುವುದು. “ಒಂದು ಸ್ಟ್ರೋಲರ್ ತಂದ್ರೆ ಸಾಕು ಅತ್ತೆ, ನೀವು ಆರಾಮಾಗಿ ತಳ್ಕೊಂಡು ಹೋಗಬಹುದು” ಎಂದರು ನಿನ್ನ ಅಮ್ಮ. ಅಜ್ಜಿ, “ತಳ್ಳೋ ಗಾಡೀಲಿ ಸೊಪ್ಪು ಮಾರೋದು ನೋಡಿದೀನಿ. ಈ ವಯಸ್ಸಲ್ಲಿ ನನ್ನ ಕೈಲಿ ಮೊಮ್ಮಗನ್ನ ಮಾರಿಸ್ತೀರಾ?” ಎಂದರು. ಎಲ್ಲರೂ ನಕ್ಕರು. ನಾನು ನಿನಗೆ ಅನ್ನ ಕಲಸುತ್ತಿದ್ದೆ. ತುಪ್ಪ ಹಾಕಿದ್ದು ಮರೆತು ಇನ್ನೊಮ್ಮೆ ಹಾಕಿದೆ.

ಒಂದು ಭಾನುವಾರ ನಿನ್ನ ಅಪ್ಪ ನಮ್ಮಿಬ್ಬರನ್ನೂ ಎಂ.ಜಿ. ರಸ್ತೆಯ ಒಂದು ಅಂಗಡಿಗೆ ಕರೆದುಕೊಂಡು ಹೋದರು. ನೀಲಿ ಬಣ್ಣದ ಒಂದು ಗಾಡಿ ಅವರ ಕಣ್ಣಿಗೆ ಬಿತ್ತು. ಕರಡಿಯ ಚಿತ್ರ, ಒತ್ತಿದರೆ ಹಾಡು ಹೇಳುವ ಗುಂಡಿ. ನೀನು ಗುಂಡಿಯನ್ನು ಒತ್ತಿ ಒತ್ತಿ ನಕ್ಕೆ. ಅವರು ಹಣ ಕೊಡುವ ಮೊದಲು ನನ್ನ ಕಡೆ ತಿರುಗಿ, “ಹೇಗಿದೆ ಹನುಮಮ್ಮ? ನೀನೇ ಹೇಳ್ಬೇಕು. ಅವನ ಮೈ ನಿನಗೆ ಗೊತ್ತಿರೋಷ್ಟು ನಮಗೆ ಗೊತ್ತಿಲ್ಲ” ಎಂದರು.

ಅನಿ, ನಾನು ಆಗಲೇ ನೋಡಿದ್ದೆ. ಅದರ ಬೆಲ್ಟು ಸೊಂಟಕ್ಕೆ ಮಾತ್ರ ಇತ್ತು, ಹೆಗಲಿಗೆ ಇರಲಿಲ್ಲ. ಬೆನ್ನಿಗೆ ಒರಗುವ ಬಟ್ಟೆ ಜೋಲಿಯ ಹಾಗೆ ಒಳಕ್ಕೆ ಬಿದ್ದಿತ್ತು, ನೀನು ಮುದುರಿಕೊಂಡು ಕೂತಿದ್ದೆ. ಹಿಂದಿನ ಎರಡು ಚಕ್ರಕ್ಕೂ ಬ್ರೇಕು ಇತ್ತು, ಆದರೆ ಒಂದು ಮಾತ್ರ ಹಿಡಿಯುತ್ತಿತ್ತು. ಇನ್ನೊಂದು ಒತ್ತಿದರೂ ಕಟ್ ಕಟ್ ಎಂದು ಜಾರುತ್ತಿತ್ತು. ನಾನು ಕಾಲಿನಿಂದ ಎರಡು ಸಲ ಒತ್ತಿ ನೋಡಿದ್ದೆ. ಆದರೆ ಆ ಹೊತ್ತಿಗೆ ನನ್ನ ತಲೆಯಲ್ಲಿ ಬೇರೆ ಲೆಕ್ಕ ಓಡುತ್ತಿತ್ತು. ಗಾಡಿ ಸರಿಯಿಲ್ಲದಿದ್ದರೆ ನೀನು ಅಳುತ್ತೀಯ. ನೀನು ಅತ್ತರೆ ಅಜ್ಜಿಯ ಕೈಲಿ ಆಗುವುದಿಲ್ಲ. ಅಜ್ಜಿಯ ಕೈಲಿ ಆಗದಿದ್ದರೆ ನನ್ನನ್ನು ಕರೆಯುತ್ತಾರೆ.

“ಚೆನ್ನಾಗೈತೆ ಅಣ್ಣ” ಎಂದೆ. ಯಾರ ಮುಂದೆಯೂ ಏಳದ ನನ್ನ ನಾಲಿಗೆ ಅವತ್ತು ತಡವರಿಸಲೇ ಇಲ್ಲ.

ನಾನು ಅಂದುಕೊಂಡಂತೆಯೇ ಆಯಿತು. ಹಾಡಿನ ಗುಂಡಿ ಮೂರೇ ದಿನಕ್ಕೆ ನಿನಗೆ ಬೇಸರವಾಯಿತು. ಗಾಡಿಯಲ್ಲಿ ಕೂರಿಸಿದರೆ ಬೆನ್ನು ಬಿಲ್ಲಿನ ಹಾಗೆ ಮಾಡಿ ಕಿರುಚುತ್ತಿದ್ದೆ. ಸಾಮಾನು ಕಟ್ಟಲೆಂದು ಬಂದು ಇಲ್ಲೇ ಉಳಿದಿದ್ದ ಅಜ್ಜಿ ಒಂದು ಸಂಜೆ ಬೀದಿಯ ತುದಿಯವರೆಗೆ ತಳ್ಳಿಕೊಂಡು ಹೋಗಿ ಏದುಸಿರು ಬಿಡುತ್ತಾ ಬಂದರು. “ಎಡಕ್ಕೆ ಅಂದ್ರೆ ಬಲಕ್ಕೆ ಹೋಗತ್ತೆ, ನಿಮ್ಮ ಮಾವನವರ ಹಾಗೇ. ನಂಗೆ ಇದರ ಸಹವಾಸ ಬೇಡ ಅಪರ್ಣ, ಆ ಹುಡುಗೀನೇ ಕರ್ಕೊಂಡು ಹೋಗೋಣ” ಎಂದರು. ನಿನ್ನ ಅಮ್ಮ, “ನೋಡೋಣ” ಎಂದರು. ನಾನು ಫೋನ್ ಮಾಡಿ ಅಪ್ಪನಿಗೆ ಹೇಳಿಯೂಬಿಟ್ಟೆ. “ಓಗ್ಬುಡವ್ವ, ಕುಣಿಗಲ್ ಏನು ದೂರ್ವೇ?” ಎಂದ ಅಪ್ಪ. ಆ ಎರಡು ದಿನ ನಿನ್ನ ಬಟ್ಟೆಗಳನ್ನು ಮಡಚುವಾಗ ನನ್ನ ಎರಡು ಜೊತೆ ಬಟ್ಟೆಯನ್ನೂ ಅದರ ಪಕ್ಕದಲ್ಲೇ ಇಟ್ಟು ನೋಡುತ್ತಿದ್ದೆ.

ಗುರುವಾರ ಸಂಜೆ. ನಮ್ಮ ಬೀದಿ ದೊಡ್ಡ ರಸ್ತೆಯ ಕಡೆಗೆ ಇಳಿಜಾರು ಇದೆ, ನಿನಗೆ ಮರೆತಿರುತ್ತದೆ. ಕೆಳಗೆ ಬಸ್ಸು, ಲಾರಿ ಎಲ್ಲ ಓಡಾಡುತ್ತವೆ. ನಿನ್ನನ್ನು ನೀಲಿ ಗಾಡಿಯಲ್ಲಿ ಕೂರಿಸಿಕೊಂಡು ಹೋಗಿದ್ದೆ. ನುಗ್ಗೆಸೊಪ್ಪಿನವಳು ಎದುರಾದಳು. ಬ್ರೇಕು ಒತ್ತಿ, ಕೈ ಬಿಟ್ಟು, ಕಟ್ಟಿನಲ್ಲಿ ಹುಳು ಇದೆಯೇ ಎಂದು ಬಿಡಿಸಿ ನೋಡುತ್ತಿದ್ದೆ. ಕಟ್ ಕಟ್ ಎಂದು ಸದ್ದು ಕೇಳಿತು. ತಿರುಗಿದರೆ ನೀನಿಲ್ಲ.

ಗಾಡಿ ಇಳಿಜಾರಿನಲ್ಲಿ ಹೋಗುತ್ತಿತ್ತು. ಮೊದಲು ನಿಧಾನವಾಗಿ, ಆಮೇಲೆ ಜೋರಾಗಿ. ನಾನು ಓಡಿದೆ. ಕೂಗಬೇಕು ಎಂದು ಬಾಯಿ ತೆರೆದೆ. ಅನಿ, ನನ್ನ ಬಾಯಿಂದ ಶಬ್ದ ಬರಲಿಲ್ಲ. ಸುಳ್ಳು ಹೇಳಲು ಎದ್ದ ನಾಲಿಗೆ ನಿನ್ನನ್ನು ಉಳಿಸಲು ಏಳಲಿಲ್ಲ.

ಬೀದಿಯ ಮೂಲೆಯಲ್ಲಿ ಎಳನೀರು ಮಾರುವ ರಾಮಾಂಜಿನಯ್ಯ ಎಂಬ ವಯಸ್ಸಾದವರು ಕಾಲು ಅಡ್ಡ ಕೊಟ್ಟು ಗಾಡಿಯನ್ನು ನಿಲ್ಲಿಸಿದರು. ಅಲ್ಲಿಂದ ದೊಡ್ಡ ರಸ್ತೆಗೆ ಇನ್ನೈದು ಮಾರು ಇತ್ತು. ಅವರ ಮೊಣಕಾಲಿನ ಕೆಳಗೆ ಚರ್ಮ ಕಿತ್ತು ರಕ್ತ ಬಂದಿತ್ತು. ಅದನ್ನು ನೋಡಿಕೊಳ್ಳದೆ ನನಗೆ ಬೈದರು: “ಏನವ್ವಾ, ಮಗಾನ ಬುಟ್ಟು ಸೊಪ್ಪು ನೋಡ್ತಾ ನಿಂತಿದ್ಯಲ್ಲ! ಗಾಡಿ ನಿಲ್ಸುದ್ಮೇಲೆ ಚಕ್ರುಕ್ಕೆ ಒಂದು ಕಲ್ಲು ಕೊಡಬಾರ್ದಾ? ನಾನು ಎಳನೀರಿಗೇ ಕೊಡ್ತೀನಿ ಕಣವ್ವ ಕಲ್ಲ!” ಅವರ ತಳ್ಳುಗಾಡಿಯ ಎರಡು ಚಕ್ರಕ್ಕೂ ಎರಡು ಕಲ್ಲುಗಳು ಆನಿಕೊಂಡಿದ್ದವು.

ನೀನು ನಗುತ್ತಿದ್ದೆ. ನಾನು ಆಡಿಸಿದ ಹೊಸ ಆಟ ಅಂದುಕೊಂಡಿದ್ದೆ. ಎರಡು ಕೈ ಚಾಚಿ, “ಅಮ್ಮಾ, ಮತ್ತೆ” ಎಂದೆ.

ಆ ಪದ ಅವತ್ತು ನನಗೆ ಹೊಡೆದ ಹಾಗೆ ಬಿತ್ತು. ನಿನ್ನನ್ನು ಎತ್ತಿಕೊಂಡು, ಗಾಡಿಯನ್ನು ಒಂದು ಕೈಯಲ್ಲಿ ಎಳೆದುಕೊಂಡು ಮನೆಗೆ ಬಂದೆ. ನಡೆದದ್ದನ್ನು ಯಾರಿಗೂ ಹೇಳಲಿಲ್ಲ. ಬ್ರೇಕು ಸರಿಯಿಲ್ಲ ಎಂದಷ್ಟೇ ಹೇಳಿದೆ. ಬದಲಾಯಿಸಿಕೊಂಡು ಬರುತ್ತೇನೆ, ನಾನೊಬ್ಬಳೇ ಹೋಗುತ್ತೇನೆ ಎಂದೆ. ನಿನ್ನ ಅಮ್ಮ ನನ್ನನ್ನು ಆಶ್ಚರ್ಯದಿಂದ ನೋಡಿದರು. ಒಂದೂವರೆ ವರ್ಷದಲ್ಲಿ ನಾನು ಒಟ್ಟಿಗೆ ಅಷ್ಟು ಮಾತಾಡಿದ್ದು ಅವರು ಕೇಳಿರಲಿಲ್ಲ.

ಶನಿವಾರ ಮಧ್ಯಾಹ್ನ ನೀಲಿ ಗಾಡಿಯನ್ನು ವಾಪಸ್ಸು ಕೊಡಲು ಹೊರಟೆ. ನಿನ್ನನ್ನು ಕರೆದುಕೊಂಡು ಹೋಗಲಿಲ್ಲ. ಗಟ್ಟಿಯೋ ಇಲ್ಲವೋ ಎಂದು ತಿಳಿಯದ ಗಾಡಿಯಲ್ಲಿ ನಿನ್ನನ್ನು ಕೂರಿಸಿ ಪರೀಕ್ಷೆ ಮಾಡಲು ನನಗೆ ಕೈ ಬರಲಿಲ್ಲ. ಖಾಲಿ ಗಾಡಿಯನ್ನು ತಳ್ಳಿ ನೋಡಲೂ ಮನಸ್ಸು ಒಪ್ಪಲಿಲ್ಲ, ತೊಟ್ಟಿಲಾದರೇನು ಗಾಡಿಯಾದರೇನು. ಹಿತ್ತಲ ಬಾಗಿಲ ಹತ್ತಿರ ಗುಂಡುಕಲ್ಲು ಕಂಡಿತು. ಅದನ್ನು ಎತ್ತಿ ನೋಡಿದೆ. ನಿನ್ನ ಅರ್ಧ ತೂಕ. ಡಬ್ಬದಲ್ಲಿದ್ದ ರಾಗಿಹಿಟ್ಟನ್ನು ಒಂದು ಚೀಲಕ್ಕೆ ತುಂಬಿ ಎರಡನ್ನೂ ಒಟ್ಟಿಗೆ ಸೊಂಟಕ್ಕೆ ಹಾಕಿಕೊಂಡೆ. ಇನ್ನೂ ಸ್ವಲ್ಪ ಬೇಕೆನಿಸಿ ಒಂದು ಹಿಡಿ ಹಿಟ್ಟು ಹಾಕಿದೆ. ಆಗ ನನ್ನ ಸೊಂಟ ಸರಿ ಎಂದಿತು. ಕಲ್ಲನ್ನು ಒಂದು ಟವೆಲಿನಲ್ಲಿ ಸುತ್ತಿಕೊಂಡೆ. ಅಜ್ಜಿ ಕೇಳಿದರು, “ಅದನ್ನೆಲ್ಲಿಗೇ ತಗೊಂಡು ಹೋಗ್ತಿದೀಯಾ?” “ತೂಗಕ್ಕೆ” ಎಂದೆ. ಅವರಿಗೆ ಏನು ಅರ್ಥವಾಯಿತೋ, ಬಾಗಿಲು ತೆರೆದು ಹಿಡಿದರು.

ಅಂಗಡಿಯ ಯಜಮಾನರು ಅಪ್ಪಾಜಿ ಎಂಬುವವರು. ನಾನು ಟವೆಲ್ ಬಿಚ್ಚಿ ಕಲ್ಲನ್ನು ಒಂದು ಗಾಡಿಯಲ್ಲಿ ಕೂರಿಸಿದಾಗ ಅವರು ಕನ್ನಡಕ ತೆಗೆದು ನೋಡಿದರು.

“ಏನವ್ವಾ, ಎಷ್ಟು ತಿಂಗಳು ಇದಕ್ಕೆ?”

ಗಿರಾಕಿಗಳೆಲ್ಲ ನಕ್ಕರು. ಟೀಚರ್ ಎತ್ತಿ ಹಿಡಿದ ಸ್ಲೇಟು ಕಣ್ಣ ಮುಂದೆ ಬಂತು. ಆದರೆ ಅದರ ಹಿಂದೆಯೇ ಇಳಿಜಾರಿನಲ್ಲಿ ಓಡುವ ನೀಲಿ ಗಾಡಿಯೂ ಬಂತು.

“ಇಪ್ಪತ್ತೊಂದಕ್ಕೆ ಬಿದ್ದೈತೆ” ಎಂದೆ.

“ಬಣ್ಣ ನೋಡಿದ್ರೆ ಅಪ್ಪನ ಕಡೆ ಹೋಗಿರೋ ಹಂಗೈತೆ” ಎಂದರು ಅಪ್ಪಾಜಿ. ಇನ್ನೂ ಜೋರಾಗಿ ನಕ್ಕರು ಎಲ್ಲರೂ. ನಾನು ನಗಲಿಲ್ಲ. ಅಂಗಡಿಯ ಬಾಗಿಲಲ್ಲಿ ಸ್ಕೂಟರು ಹತ್ತಿಸಲು ಮಾಡಿದ ಇಳಿಜಾರು ಇತ್ತು. ಒಂದೊಂದೇ ಗಾಡಿಯನ್ನು ಅಲ್ಲಿಗೆ ತಂದು, ಕಲ್ಲನ್ನೂ ಹಿಟ್ಟನ್ನೂ ಕೂರಿಸಿ, ಬ್ರೇಕು ಒತ್ತಿ, ಕೈ ಬಿಟ್ಟು ಪಕ್ಕದಲ್ಲಿ ನಿಂತೆ. ಒಂದು ಜಾರಿತು. ಒಂದು ವಾಲಿತು. ಇನ್ನೊಂದರ ಹಿಡಿಗೆ ನನ್ನ ಚೀಲ ನೇತುಹಾಕಿದ ಕೂಡಲೇ ಹಿಂದಕ್ಕೆ ಮಗುಚಿ ಗುಂಡುಕಲ್ಲು ಧಡ್ ಎಂದು ನೆಲಕ್ಕೆ ಬಿತ್ತು. ಆಗ ಅಂಗಡಿಯಲ್ಲಿ ಯಾರೂ ನಗಲಿಲ್ಲ. ಅಪ್ಪಾಜಿ ತಾವೇ ಎದ್ದು ಬಂದು ಕಲ್ಲನ್ನು ಎತ್ತಿ, ಯಾಕೋ ಒಂದು ಸಲ ಅದರ ಧೂಳು ಒರೆಸಿ ನನ್ನ ಕೈಗೆ ಕೊಟ್ಟರು. “ಒಳಗಡೆ ಒಂದೈತೆ, ಬಣ್ಣ ಚೆನ್ನಾಗಿಲ್ಲ ಅಂತ ಯಾರೂ ಕೇಳಲ್ಲ. ನೋಡವ್ವ” ಎಂದರು.

ನನಗೆ ಗಾಡಿಯ ವಿಷಯ ಏನೂ ಗೊತ್ತಿಲ್ಲ. ಗೊತ್ತಿರುವುದು ಸೊಂಟ ಮಾತ್ರ. ಹಾಗಾಗಿ ನನ್ನ ಸೊಂಟ ಮಾಡುವುದನ್ನೆಲ್ಲ ಈ ಗಾಡಿ ಮಾಡುತ್ತದೆಯೇ ಎಂದು ನೋಡಿದೆ. ನಾಯಿ ಕಂಡರೆ ನೀನು ಮುಂದಕ್ಕೆ ಜಿಗಿಯುತ್ತೀಯ, ಆಗ ನನ್ನ ಕೈ ನಿನ್ನ ಹೊಟ್ಟೆಗೆ ಅಡ್ಡ ಬರುತ್ತದೆ. ಇದರಲ್ಲಿ ಎರಡು ಹೆಗಲು, ಎರಡು ಸೊಂಟ, ಕಾಲ ಸಂದಿಗೊಂದು, ಐದು ಕಡೆಯಿಂದ ಬೆಲ್ಟು ಬಂದು ಹೊಟ್ಟೆಯ ಮೇಲೆ ಸೇರುತ್ತಿತ್ತು. ನಿದ್ದೆ ಬಂದರೆ ನೀನು ನನ್ನ ತೋಳಿನ ಮೇಲೆ ಹಿಂದಕ್ಕೆ ಒರಗುತ್ತೀಯ. ಇದರ ಬೆನ್ನೂ ಹಿಂದಕ್ಕೆ ಒರಗುತ್ತಿತ್ತು. ಬಿಸಿಲಿಗೆ ನಾನು ವೇಲು ಹೊದಿಸುತ್ತೇನೆ. ಇದಕ್ಕೆ ಮೂಗಿನವರೆಗೆ ಬರುವ ನೆರಳಿತ್ತು. ಮಡಚುವ ಕಡೆ ನನ್ನ ಕಿರುಬೆರಳನ್ನು ಇಟ್ಟು ನೋಡಿದೆ, ಸಿಕ್ಕಿಕೊಳ್ಳಲಿಲ್ಲ. ಒಂದೇ ಪಟ್ಟಿಯನ್ನು ಕಾಲಿನಿಂದ ಒತ್ತಿದರೆ ಎರಡು ಚಕ್ರವೂ ಒಟ್ಟಿಗೆ ಹಿಡಿಯುತ್ತಿದ್ದವು. ಇಳಿಜಾರಿನಲ್ಲಿ ನಿಲ್ಲಿಸಿ ಐವತ್ತರವರೆಗೆ ಎಣಿಸಿದೆ. ಕಲ್ಲು ಕದಲಲಿಲ್ಲ.

ಕೊನೆಗೆ ಒಂದು ಕೆಲಸ ಉಳಿದಿತ್ತು. ನಿನ್ನ ಅಜ್ಜಿ ನನ್ನ ಭುಜದ ಎತ್ತರಕ್ಕೆ ಬರುತ್ತಾರೆ. ನಾನು ಮಂಡಿ ಬಗ್ಗಿಸಿ ಅವರಷ್ಟು ಕುಳ್ಳಗಾಗಿ, ಅವರ ಹಾಗೆ ಎಡಗಾಲನ್ನು ಎಳೆದುಕೊಂಡು, ಅಂಗಡಿಯ ಮುಂದೆ ಆ ಕಡೆಯಿಂದ ಈ ಕಡೆಗೆ ಗಾಡಿ ತಳ್ಳಿದೆ. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ಗಾಡಿ ಒಂದು ಕೈಗೂ ಹಗುರವಾಗಿ ಹೋಯಿತು. ನೋಯುವ ಮಂಡಿಗೆ ತೊಂದರೆ ಇಲ್ಲ ಎಂದು ನನಗೆ ತಿಳಿಯಿತು. ತಿಳಿದ ಕೂಡಲೇ, ಇನ್ನು ನಾನು ಬೇಡ ಎಂದೂ ತಿಳಿಯಿತು. ಅಲ್ಲೇ, ಮಂಡಿ ಬಗ್ಗಿಸಿಕೊಂಡು ನಿಂತ ಹಾಗೇ ಅಳು ಬಂತು. ಅಪ್ಪಾಜಿ ಬೇರೆ ಕಡೆ ನೋಡಿದರು. “ಇದೇ ಸಾಕು” ಎಂದೆ. ಬೂದಿ ಬಣ್ಣದ ಗಾಡಿ, ಕರಡಿಯೂ ಇಲ್ಲ, ಹಾಡೂ ಇಲ್ಲ.

ಮರುದಿನ ಅಜ್ಜಿ ನಿನ್ನನ್ನು ಅದರಲ್ಲಿ ಕೂರಿಸಿಕೊಂಡು ಹೋದರು. ನಾನು ಬಾಗಿಲಲ್ಲೇ ನಿಂತೆ. ಅರ್ಧ ಗಂಟೆ ಬಿಟ್ಟು ಬಂದಾಗ ನೀನು ಒರಗಿ ನಿದ್ದೆ ಹೋಗಿದ್ದೆ. ಅದುವರೆಗೆ ನೀನು ನನ್ನ ತೋಳಿನಲ್ಲಲ್ಲದೆ ಬೀದಿಯಲ್ಲಿ ಎಲ್ಲೂ ಮಲಗಿದವನಲ್ಲ. “ಬೆಣ್ಣೆ ಹಾಗೆ ಹೋಗತ್ತಲ್ಲೇ ಅಪರ್ಣ! ಇದೊಂದಿದ್ರೆ ನಂಗೆ ಇನ್ಯಾರೂ ಬೇಡ”, ಅಜ್ಜಿ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಹೇಳಿದ ಮೇಲೆ ನನ್ನ ಕಡೆ ನೋಡಿ ನಾಲಿಗೆ ಕಚ್ಚಿಕೊಂಡರು. ನಿನ್ನ ಅಮ್ಮ ಅಂದು ಸಂಜೆ ನನ್ನ ಪಕ್ಕ ಬಂದು ಕೂತು, “ಹನುಮಮ್ಮ, ನೀನು ಎಷ್ಟು ದಿನ ಅಂತ ನಿಮ್ಮಪ್ಪನ್ನ ಬಿಟ್ಟು ಇರ್ತೀಯಾ” ಎಂದರು. ನಾನು “ಊಂ ಅಕ್ಕ” ಎಂದೆ. ಅವರ ಮೇಲೆ ನನಗೆ ಕೋಪವಿಲ್ಲ. ಚಾಚಿದ ಕೈಗೆ ಮಗು ಬರದಿದ್ದರೆ ಹೇಗಿರುತ್ತದೆ ಎಂದು ಇವತ್ತಿನಿಂದ ನನಗೂ ಗೊತ್ತಾಗುತ್ತದೆ.

ಆಮೇಲಿನ ಮೂರು ವಾರ ನಾನು ಒಂದು ಕೆಲಸ ಮಾಡಿದೆ. ನೀನು “ಅಮ್ಮಾ” ಎಂದು ಕರೆದಾಗ ಓಗೊಡಲಿಲ್ಲ. ಸೊಪ್ಪು ಬಿಡಿಸುತ್ತಾ ಕೂತಿದ್ದೆ, ನೀನು ವೇಲು ಎಳೆದೆ, ನಾನು ತಿರುಗಲಿಲ್ಲ. ನಿನ್ನ ಅಮ್ಮನ ಕಡೆ ಬೆರಳು ತೋರಿಸಿದೆ. ನೀನು ಅತ್ತೆ. ಒಂದು ದಿನ ನನ್ನ ಗಲ್ಲವನ್ನು ಎರಡು ಕೈಯಲ್ಲಿ ಹಿಡಿದು ನಿನ್ನ ಕಡೆ ತಿರುಗಿಸಿಕೊಂಡು ಮುಖಕ್ಕೆ ಮುಖವಿಟ್ಟು ಕರೆದೆ. ಆಗಲೂ ಓಗೊಡಲಿಲ್ಲ. ಕೂಸೇ, ನೀಲಿ ಗಾಡಿಯ ತಪ್ಪಿಗಿಂತ ಇದಕ್ಕೆ ನಿನ್ನ ಕ್ಷಮೆ ಹೆಚ್ಚು ಬೇಕು. ಮೊನ್ನೆ ನೀನು ಎದ್ದವನೇ ನಿನ್ನ ಅಮ್ಮನ ಕೊರಳಿಗೆ ಬಿದ್ದು “ಅಮ್ಮ” ಎಂದೆ. ಅವರು ಶಾಲೆಗೆ ತಡವಾದರೂ ನಿನ್ನನ್ನು ಇಳಿಸಲಿಲ್ಲ. ನಿನ್ನೆ ನನ್ನನ್ನು ಕರೆದದ್ದು “ಅನು” ಎಂದು. ‘ಹ’ ನಿನಗೂ ಬರುವುದಿಲ್ಲ, ನನ್ನ ಹಾಗೇ.

ಹತ್ತು ಗಂಟೆಗೆ ಟೆಂಪೊ ಬರುತ್ತದೆ. ಗುಂಡುಕಲ್ಲೂ ಹೋಗುತ್ತಿದೆ, ತನ್ನ ಒರಳಿಗೆ. ನಾನು ನಮ್ಮೂರಿಗೆ, ಗುಬ್ಬಿಯ ಕಡೆಯ ರೈಲು ಹತ್ತುತ್ತೇನೆ. ಈ ಕಾಗದವನ್ನು ನಿನ್ನ ಅಮ್ಮನ ಕೈಗೆ ಕೊಡುತ್ತೇನೆ. ಲಕೋಟೆಗೆ ಅಂಟು ಹಾಕಿಲ್ಲ. ಅವರು ಮೊದಲು ಓದಲಿ. ಗುರುವಾರ ಸಂಜೆಯ ವಿಷಯ ಬಾಯಲ್ಲಿ ಹೇಳಲು ನನ್ನಿಂದ ಆಗಲಿಲ್ಲ, ಹೀಗಾದರೂ ಗೊತ್ತಾಗಲಿ. ಓದಿದ ಮೇಲೆ ಇದನ್ನು ನಿನಗಾಗಿ ಇಡುವುದೋ ಹರಿದು ಹಾಕುವುದೋ ಅವರಿಗೆ ಬಿಟ್ಟದ್ದು. ತಪ್ಪು ಕಂಡ ಕಡೆಯೆಲ್ಲ ಕೆಂಪು ಗೆರೆ ಎಳೆಯಲಿ. ಕೊನೆಯಲ್ಲಿ ಬರೆದ ನನ್ನ ಹೆಸರಿನ ಕೆಳಗೆ ಮಾತ್ರ ಎಳೆಯದಿರಲಿ. ಅದು ಕಾಗುಣಿತದ ತಪ್ಪಲ್ಲ.

ಇವತ್ತು ಬೆಳಗ್ಗೆ ನೀನಿನ್ನೂ ಮಲಗಿದ್ದಾಗ ನನ್ನ ಹಳೇ ಹತ್ತಿ ವೇಲನ್ನು ಕತ್ತರಿಸಿ ಗಾಡಿಯ ಹೆಗಲ ಬೆಲ್ಟುಗಳಿಗೆ ಸುತ್ತಿ ಹೊಲಿದೆ. ನಿನ್ನ ಕುತ್ತಿಗೆಗೆ ಉಜ್ಜದಿರಲಿ ಎಂದು. ನೀನು ನಿದ್ದೆ ಬಂದಾಗ ಹಿಡಿದುಕೊಳ್ಳುತ್ತಿದ್ದ ಅಂಚು ಹೊರಗೆ ಬರುವ ಹಾಗೆ ಹೊಲಿದಿದ್ದೇನೆ. ಆಮೇಲೆ ಗಾಡಿಯನ್ನು ನಮ್ಮ ಬೀದಿಯ ಇಳಿಜಾರಿಗೆ ತೆಗೆದುಕೊಂಡು ಹೋಗಿ, ಕಲ್ಲನ್ನು ಕೂರಿಸಿ, ಬ್ರೇಕು ಒತ್ತಿ, ಎರಡು ಕೈಯನ್ನೂ ಬಿಟ್ಟು ದೂರ ನಿಂತೆ. ನೂರರವರೆಗೆ ಎಣಿಸಿದೆ. ಕದಲಲಿಲ್ಲ.

ಕಲ್ಲಿನ ಹಾಗೆ ಗಟ್ಟಿಯಾಗಿ, ಬೆಣ್ಣೆಯ ಹಾಗೆ ಮೆತ್ತಗೆ, ನಿನ್ನ ಅಮ್ಮನ ಕಣ್ಣ ಮುಂದೆ ನೂರು ವರ್ಷ ಬಾಳು, ನನ್ನ ಕಂದ.

ನಿನ್ನನ್ನು ಎತ್ತಿಕೊಂಡಿದ್ದ,
ಅನು